ಸಾಲಿ ಕಟ್ಟಿದವರು, ಲೆಕ್ಕ ಕೇಳಿದವರು

ನಮ್ಮ ಗೋಕಾಕ, ಮೂಡಲಗಿ, ಹುಕ್ಕೇರಿ ಭಾಗದ ಹಳೆಯ ಕನ್ನಡ ಶಾಲೆಗಳಿಗೆ ಹೋದರೆ ಬಾಗಿಲಿನ ಪಕ್ಕದ ಗೋಡೆಯಲ್ಲಿ ಒಂದು ಕಲ್ಲು ಕಾಣಸಿಗುತ್ತದೆ. ಜಾಗ ದಾನ ಕೊಟ್ಟವರು ಇಂಥವರು, ತೀರಿಹೋದ ತಂದೆಯ ಹೆಸರಿನಲ್ಲಿ ಕೋಣೆ ಕಟ್ಟಿಸಿಕೊಟ್ಟವರು ಇಂಥವರು, ಗಂಟೆ ಕೊಟ್ಟವರು ಇಂಥವರು ಎಂದು ಅದರಲ್ಲಿ ಕೊರೆದಿರುತ್ತದೆ. ವರ್ಷ ವರ್ಷ ಸುಣ್ಣ ಬಳಿದು ಬಳಿದು ಅಕ್ಷರಗಳು ಅರ್ಧ ಮುಚ್ಚಿಹೋಗಿರುತ್ತವೆ. ಕಲ್ಲಿನಲ್ಲಿ ಹೆಸರು ಬರದವರು ಇನ್ನೂ ಹೆಚ್ಚು. ಚಕ್ಕಡಿಯಲ್ಲಿ ಕಲ್ಲು ಹೇರಿಕೊಂಡು ಬಂದವರು, ಬುಟ್ಟಿಯಲ್ಲಿ ಮಣ್ಣು ಹೊತ್ತವರು, ಮಾಸ್ತರರಿಗೆ ಇರಲು ಮನೆ, ಉಣ್ಣಲು ರೊಟ್ಟಿ ಕೊಟ್ಟವರು. ಶಾಲೆಗೆ ಕೊಟ್ಟವರ ಚರಿತ್ರೆ ಹೀಗೆ ಕಲ್ಲಿನಲ್ಲಾದರೂ ಉಳಿದಿದೆ. ಶಾಲೆಯಲ್ಲಿ ಏನು ನಡೆದಿದೆ ಎಂದು ಕೇಳಿದವರ ಚರಿತ್ರೆಯನ್ನು ಮಾತ್ರ ಯಾರೂ ಬರೆದಿಟ್ಟಿಲ್ಲ. ಮೂವತ್ತು ವರ್ಷ ಈ ಮೂರು ಕಡೆಗಳಲ್ಲಿ ಮಕ್ಕಳಿಗೆ ಕಲಿಸಿದವಳಾಗಿ ಅದರ ಒಂದಿಷ್ಟನ್ನು ಇಲ್ಲಿ ಹೇಳಬೇಕೆನಿಸಿದೆ.

ಸರಕಾರಿ ಶಾಲೆ ಬರುವ ಮುಂಚೆ ನಮ್ಮಲ್ಲಿ ಗಾಂವಠಿ ಶಾಲೆಗಳಿದ್ದವು. ಗುಡಿಯ ಪೌಳಿಯಲ್ಲೋ, ಮಠದ ಜಗಲಿಯ ಮೇಲೋ, ಯಾರದೋ ಪಡಸಾಲೆಯಲ್ಲೋ ಅಯ್ಯನವರು ನಾಲ್ಕು ಹುಡುಗರನ್ನು ಕೂಡ್ರಿಸಿಕೊಂಡು ಉಸುಕಿನ ಮೇಲೆ ಓಂ ನಾಮ ತಿದ್ದಿಸುತ್ತಿದ್ದರು. ಅವರಿಗೆ ಪಗಾರ ಎಂಬುದಿರಲಿಲ್ಲ. ಸುಗ್ಗಿಗೆ ಜೋಳ, ಹಬ್ಬಕ್ಕೆ ಕಾಣಿಕೆ. ಈ ಏರ್ಪಾಟಿನಲ್ಲಿ ಒಂದು ಗುಣವಿತ್ತು. ಹುಡುಗನಿಗೆ ಲೆಕ್ಕ ಬರಲಿಲ್ಲವೆಂದರೆ ತಂದೆ ನೇರವಾಗಿ ಹೋಗಿ ಕೇಳುತ್ತಿದ್ದ, ಸಮಾಧಾನವಾಗದಿದ್ದರೆ ಮುಂದಿನ ಸುಗ್ಗಿಗೆ ಜೋಳದ ಚೀಲ ಕಟ್ಟುತ್ತಿರಲಿಲ್ಲ. ಆದರೆ ಜೋಳ ಅಳೆಯಬಲ್ಲವನಿಗಷ್ಟೇ ಈ ಕೇಳುವ ಅಧಿಕಾರ. ಹೆಣ್ಣುಮಕ್ಕಳು ಆ ಜಗಲಿಯನ್ನು ಹತ್ತುವುದು ಅಪರೂಪ. ಊರ ಹೊರಗೆ ಇಟ್ಟವರ ಮಕ್ಕಳು ಹತ್ತಿರಕ್ಕೂ ಸುಳಿಯುವಂತಿರಲಿಲ್ಲ. ಹಳೆಯ ಕಾಲವನ್ನು ಹೊಗಳುವವರು ಇದನ್ನು ಹೇಳಲು ಮರೆಯುತ್ತಾರೆ.

ಹತ್ತೊಂಬತ್ತನೆಯ ಶತಮಾನದಲ್ಲಿ ಮುಂಬಯಿ ಸರಕಾರ ಶಾಲೆಗಳನ್ನು ತೆರೆಯಲು ಹೊರಟಾಗ ನಮ್ಮ ಕಡೆ ಕನ್ನಡ ಮಾತಾಡುವ ಮಕ್ಕಳಿಗೂ ಮರಾಠಿಯಲ್ಲಿಯೇ ಪಾಠವಾಗುತ್ತಿತ್ತು. ಅದನ್ನು ಕನ್ನಡಕ್ಕೆ ತಿರುಗಿಸಲು ದುಡಿದವರಲ್ಲಿ ಡೆಪ್ಯುಟಿ ಚೆನ್ನಬಸಪ್ಪನವರ ಹೆಸರು ಮೊದಲು ಬರುತ್ತದೆ. ಬೆಳಗಾವಿ ಭಾಗದಲ್ಲಿ ಶಿಕ್ಷಣ ಇಲಾಖೆಯ ಅಧಿಕಾರಿಯಾಗಿದ್ದ ಅವರು 1881ರಲ್ಲಿ ತೀರಿಕೊಂಡರು. ಅಷ್ಟರೊಳಗೆ ಕನ್ನಡ ಶಾಲೆ ಎಂಬುದು ಇಲ್ಲಿ ಬೇರೂರಿತ್ತು. ಇಂದಿಗೂ ನಮ್ಮ ಹಿರಿಯರು ಪ್ರಾಥಮಿಕ ಶಾಲೆಗೆ 'ಕನ್ನಡ ಸಾಲಿ' ಎಂದೇ ಅನ್ನುವುದು.

ಸರಕಾರಿ ಶಾಲೆಯಿಂದ ಬಾಗಿಲು ಅಗಲವಾಯಿತು, ಅದರಲ್ಲಿ ಸಂಶಯವಿಲ್ಲ. ಆದರೆ ಮಾಸ್ತರರನ್ನು ಕೇಳುವ ಹಗ್ಗ ತಂದೆಯ ಕೈಯಿಂದ ಇನ್‌ಸ್ಪೆಕ್ಟರ ಸಾಹೇಬರ ಕೈಗೆ ಹೋಯಿತು. ಸಾಹೇಬರು ವರ್ಷಕ್ಕೊಮ್ಮೆ ಬರುವರು. ಅಂದು ಅಂಗಳಕ್ಕೆ ಸಗಣಿ ಸಾರಿಸಿ, ಬಾಗಿಲಿಗೆ ಮಾವಿನ ತೋರಣ ಕಟ್ಟಿ, ಮಕ್ಕಳಿಗೆ ಒಗೆದ ಅಂಗಿ ತೊಡಿಸಿ ನಿಲ್ಲಿಸುವುದು. ಊರಿನವರ ಪಾಲಿಗೆ ಇದ್ದುದು ಅಡಿಗೆಯ ವ್ಯವಸ್ಥೆ. 1923ರ ಮುಂಬಯಿ ಪ್ರಾಥಮಿಕ ಶಿಕ್ಷಣ ಕಾಯ್ದೆ ಶಾಲೆಗಳನ್ನು ಸ್ಥಳೀಯ ಸಂಸ್ಥೆಗಳ ಸ್ಕೂಲ್ ಬೋರ್ಡುಗಳಿಗೆ ವಹಿಸಿತು. ಬೋರ್ಡಿನಲ್ಲಿ ಚುನಾಯಿತರು ಕುಳಿತರು. ಆದರೆ ಆಗ ಮತ ಹಾಕುವ ಹಕ್ಕಿದ್ದುದೇ ಕೆಲವರಿಗೆ. ಹೊಲದಲ್ಲಿ ಕೂಲಿ ಮಾಡುವ ತಾಯಿಗೂ ಬೋರ್ಡಿಗೂ ಸಂಬಂಧವೇ ಬರಲಿಲ್ಲ. 1947ರಲ್ಲಿ ಇನ್ನೊಂದು ಕಾಯ್ದೆ ಬಂದು ಅಧಿಕಾರ ಮತ್ತೆ ಸರಕಾರದತ್ತ ವಾಲಿತು. 1956ರ ನವೆಂಬರ್ 1ರಂದು ಬೆಳಗಾವಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. 1961ರಲ್ಲಿ ಮೈಸೂರಿನ ಕಡ್ಡಾಯ ಪ್ರಾಥಮಿಕ ಶಿಕ್ಷಣ ಕಾಯ್ದೆ ಬಂತು. ಕಡ್ಡಾಯ ಎಂದರೆ ತಂದೆತಾಯಿಗೆ ಕಡ್ಡಾಯ. ಮಗುವನ್ನು ಕಳಿಸದಿದ್ದರೆ ಅವರಿಗೆ ದಂಡ. ಕಳಿಸಿದ ಮೇಲೆ ಕಲಿಸದಿದ್ದರೆ ಯಾರಿಗೆ ದಂಡ ಎಂದು ಆಗ ಯಾರೂ ಕೇಳಿದ ಹಾಗಿಲ್ಲ.

ಇಲ್ಲಿ ಒಂದು ವಿಚಿತ್ರವನ್ನು ಗಮನಿಸಬೇಕು. ನಮ್ಮ ಮಂದಿ ಲೆಕ್ಕ ಕೇಳಲು ಬಾರದ ಮಂದಿಯೇನಲ್ಲ. ದೇಶದ ಮೊದಮೊದಲ ಸಹಕಾರಿ ಸಂಘ 1905ರಲ್ಲಿ ಹುಟ್ಟಿದ್ದು ನಮಗೆ ದೂರವಲ್ಲದ ಗದಗ ಸಮೀಪದ ಕಣಗಿನಹಾಳದಲ್ಲಿ. ಹುಕ್ಕೇರಿಯಲ್ಲಂತೂ 1969ರಿಂದ ಊರೂರಿಗೆ ವಿದ್ಯುತ್ತನ್ನೇ ಸಹಕಾರಿ ಸಂಘ ಹಂಚುತ್ತ ಬಂದಿದೆ. ಕರ್ನಾಟಕದಲ್ಲಿ ಅಂಥದು ಮತ್ತೊಂದಿಲ್ಲ. ಸಕ್ಕರೆ ಕಾರಖಾನೆಯ ವಾರ್ಷಿಕ ಸಭೆಗೆ ಹೋಗಿ ನೋಡಿ, ಪೇಟ ಸುತ್ತಿದ ರೈತ ಎದ್ದು ನಿಂತು ಟನ್ನಿಗೆ ಎಷ್ಟು ಕೊಟ್ಟಿರಿ, ಸಾಗಾಟಕ್ಕೆ ಎಷ್ಟು ಹಿಡಿದಿರಿ ಎಂದು ಪೈಸಕ್ಕೆ ಪೈಸೆ ಕೇಳುತ್ತಾನೆ. ಅದೇ ರೈತ ಮಗನ ಶಾಲೆಗೆ ಬಂದರೆ ಚಪ್ಪಲಿ ಹೊರಗೆ ಬಿಟ್ಟು, ಬಾಗಿಲ ಹೊರಗೇ ನಿಂತು, 'ಗುರುಗಳ, ಹುಡಗ ಕೇಳಲಿಲ್ಲಂದ್ರ ನಾಕ ಬಾರಸ್ರಿ' ಎಂದು ಹೇಳಿ ಹೋಗುತ್ತಿದ್ದ. ಕಾರಖಾನೆಯಲ್ಲಿ ಅವನಿಗೆ ಶೇರು ಇತ್ತು. ಶಾಲೆಯಲ್ಲಿ ಅವನ ಶೇರು ಏನು ಎಂದು ಯಾರೂ ಅವನಿಗೆ ಹೇಳಿರಲಿಲ್ಲ.

ನಾನು ನೌಕರಿಗೆ ಸೇರಿದ್ದು ತೊಂಬತ್ತರ ದಶಕದ ಮಧ್ಯದಲ್ಲಿ. ಆ ಹೊತ್ತಿಗೆ ಜಿಲ್ಲಾ ಪ್ರಾಥಮಿಕ ಶಿಕ್ಷಣ ಕಾರ್ಯಕ್ರಮ, ಅಂದರೆ ನಾವೆಲ್ಲ ಡಿಪಿಇಪಿ ಎಂದು ಕರೆಯುತ್ತಿದ್ದದ್ದು, ಶುರುವಾಗಿತ್ತು. ಕರ್ನಾಟಕದಲ್ಲಿ 1994-95ರ ಮೊದಲ ಹಂತಕ್ಕೆ ಆರಿಸಿದ ನಾಲ್ಕು ಜಿಲ್ಲೆಗಳು ಬೆಳಗಾವಿ, ರಾಯಚೂರು, ಮಂಡ್ಯ ಮತ್ತು ಕೋಲಾರ. ಹೊಸ ಕೋಣೆಗಳು ಬಂದವು, ತರಬೇತಿಗಳು ಬಂದವು, ಶಾಲೆಗೆ ವರ್ಷಕ್ಕೆ ಎರಡು ಸಾವಿರ, ಶಿಕ್ಷಕರಿಗೆ ಪಾಠೋಪಕರಣಕ್ಕೆ ಐನೂರು ರೂಪಾಯಿ ಬಂತು. ಜೊತೆಗೆ ಗ್ರಾಮ ಶಿಕ್ಷಣ ಸಮಿತಿಯೂ ಬಂತು. ನಾನು ಕಂಡ ಸಮಿತಿಗಳಲ್ಲಿ ಪಂಚಾಯಿತಿಯವರು, ಊರ ಹಿರಿಯರು, ಒಬ್ಬಿಬ್ಬರು ಗುತ್ತಿಗೆದಾರರು ಇರುತ್ತಿದ್ದರು. ಒಳ್ಳೆಯ ಮಂದಿಯೂ ಇದ್ದರು, ಇಲ್ಲವೆನ್ನಲಾರೆ. ಆದರೆ ಅವರಲ್ಲಿ ಹೆಚ್ಚಿನವರ ಮಕ್ಕಳು, ಮೊಮ್ಮಕ್ಕಳು ನಮ್ಮ ಶಾಲೆಯಲ್ಲಿ ಓದುತ್ತಿರಲಿಲ್ಲ. ಆಗಸ್ಟ್ ಹದಿನೈದಕ್ಕೆ ಬಂದು ಪೇಡೆ ತಿಂದು ಹೋಗುವುದರ ಆಚೆಗೆ ಅವರಿಗೆ ಶಾಲೆಯಲ್ಲಿ ಕೆಲಸವಿರಲಿಲ್ಲ. ಮಗು ಕಲಿತಿದೆಯೇ ಇಲ್ಲವೇ ಎಂಬುದು ಅವರ ಮನೆಯ ಚಿಂತೆಯಾಗಿರಲಿಲ್ಲ.

ಇದನ್ನು ಬದಲಿಸಿದ್ದು 2001ರ ಏಪ್ರಿಲ್ 28ರ ಸರಕಾರಿ ಆದೇಶ. ಎಸ್. ಎಂ. ಕೃಷ್ಣ ಅವರು ಮುಖ್ಯಮಂತ್ರಿಯಾಗಿದ್ದಾಗ ವಿಜ್ಞಾನಿ ರಾಜಾ ರಾಮಣ್ಣನವರ ಅಧ್ಯಕ್ಷತೆಯಲ್ಲಿ ಶಿಕ್ಷಣದ ಕುರಿತು ಒಂದು ಕಾರ್ಯಪಡೆ ಕುಳಿತಿತ್ತು. ಅದರ ಶಿಫಾರಸಿನಂತೆ ಗ್ರಾಮ ಶಿಕ್ಷಣ ಸಮಿತಿಗಳ ಜಾಗದಲ್ಲಿ ಪ್ರತಿ ಶಾಲೆಗೂ ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ ಬಂತು. ಎಸ್‌ಡಿಎಂಸಿ ಎಂದು ಈಗ ಎಮ್ಮೆ ಮೇಯಿಸುವ ಹುಡುಗನೂ ಹೇಳುತ್ತಾನೆ. ಅಣುವಿಜ್ಞಾನಿಯೊಬ್ಬರ ಹೆಸರಿನ ಸಮಿತಿಯಿಂದ ಇಷ್ಟು ಸಾದಾ ವಿಚಾರ ಬಂದದ್ದು ನನಗೆ ಈಗಲೂ ಸೋಜಿಗ. ವಿಚಾರ ಇಷ್ಟೇ. ಯಾರ ಮಕ್ಕಳು ಆ ಶಾಲೆಯಲ್ಲಿ ಓದುತ್ತಾರೋ ಅವರೆಲ್ಲ ಸೇರಿ ಪಾಲಕರ ಪರಿಷತ್ತು. ಆ ಪರಿಷತ್ತು ತನ್ನೊಳಗಿಂದ ಒಂಬತ್ತು ಮಂದಿಯನ್ನು ಆರಿಸಬೇಕು. ಅವರಲ್ಲೊಬ್ಬರು ಅಧ್ಯಕ್ಷರು. ಶಾಲೆಯ ಬ್ಯಾಂಕ್ ಖಾತೆಗೆ ಹೆಡ್ ಮಾಸ್ತರರ ಸಹಿಯ ಜೊತೆ ಅಧ್ಯಕ್ಷರ ಸಹಿಯೂ ಬೇಕು. ಮಗು ಶಾಲೆ ಬಿಟ್ಟಿತೋ, ಸದಸ್ಯತ್ವವೂ ಮುಗಿಯಿತು.

ಈ ಕೊನೆಯ ನಿಯಮದ ಪರಿಣಾಮವನ್ನು ಊರಿನ ದೊಡ್ಡವರು ಬೇಗ ತಿಳಿದರು. ಗೌಡರ, ಸಾಹುಕಾರರ ಮಕ್ಕಳು ಆಗಲೇ ಗೋಕಾಕಕ್ಕೋ ಸಂಕೇಶ್ವರಕ್ಕೋ ಹಳದಿ ಬಸ್ಸಿನಲ್ಲಿ ಹೋಗತೊಡಗಿದ್ದರು. ಆದ್ದರಿಂದ ಕನ್ನಡ ಸಾಲಿಯ ಕುರ್ಚಿ ಅವರಿಗೆ ಸಿಗುವಂತಿರಲಿಲ್ಲ. ಕೂಲಿ ಮಾಡುವವರು, ಕಬ್ಬು ಕಡಿಯುವವರು, ಕುರಿ ಕಾಯುವವರು, ಗೌಂಡಿಗಳು, ಇವರೇ ಸದಸ್ಯರಾಗಬೇಕಾಯಿತು. ನಮ್ಮ ಶಿಕ್ಷಕ ವರ್ಗದಲ್ಲಿಯೂ ಕಸಿವಿಸಿ ಎದ್ದಿತು. 'ಇನ್ನ ಮ್ಯಾಲೆ ಕೂಲಿ ಮಾಡಾವ್ರು ಬಂದು ನಮ್ಮ ಹಾಜರಿ ನೋಡ್ತಾರ' ಎಂದು ಒಂದು ತರಬೇತಿಯ ಚಹದ ಹೊತ್ತಿನಲ್ಲಿ ಒಬ್ಬರು ಹೇಳಿದಾಗ ಸುತ್ತ ನಿಂತ ಎಲ್ಲರೂ ನಕ್ಕರು. ಆ ನಗೆಯಲ್ಲಿ ಅಂಜಿಕೆಯೂ ಇತ್ತು.

ಹೆಸರಿನಲ್ಲೇ 'ಮೇಲುಸ್ತುವಾರಿ' ಇದ್ದುದು ಆ ಅಂಜಿಕೆಗೆ ಕಾರಣ. ಅಭಿವೃದ್ಧಿ ಎಂಬ ಶಬ್ದ ಯಾರಿಗೂ ಚುಚ್ಚುವುದಿಲ್ಲ. ಅಭಿವೃದ್ಧಿಗೆ ಕೊಡುವುದೆಂದರೆ ಹಳೆಯ ರೂಢಿ. ಮೇಲುಸ್ತುವಾರಿ ಎಂದರೆ ಕೇಳುವುದು. ಅದು ಹೊಸದು.

ಶುರುವಿನ ವರ್ಷಗಳಲ್ಲಿ ಕೇಳುವವರು ಇರಲಿಲ್ಲ ಎಂಬುದೂ ನಿಜ. ಸಭೆ ಬೆಳಿಗ್ಗೆ ಹನ್ನೊಂದಕ್ಕೆ. ಆ ಹೊತ್ತಿಗೆ ಬಂದರೆ ಒಂದು ದಿನದ ಕೂಲಿ ಹೋಯಿತು. ಹೀಗಾಗಿ ಠರಾವು ಪುಸ್ತಕವೇ ಹುಡುಗರ ಕೈಯಲ್ಲಿ ಮನೆಮನೆಗೆ ಹೋಗಿ ಸಹಿ, ಹೆಬ್ಬೆಟ್ಟು ಹಾಕಿಸಿಕೊಂಡು ಬರುತ್ತಿತ್ತು. ಮಹಿಳಾ ಸದಸ್ಯೆಯ ಬದಲು ಗಂಡ ಬಂದು ಕೂಡುತ್ತಿದ್ದ. ಎಷ್ಟೋ ಕಡೆ ಇದು ಈಗಲೂ ಇದೆ.

ಬದಲಾವಣೆ ಬಂದದ್ದು ಇನ್ನೊಂದು ಬಾಗಿಲಿನಿಂದ. 2000ದ ಅಕ್ಟೋಬರಿನಲ್ಲಿ ರಾಜ್ಯದಲ್ಲಿ ಸ್ತ್ರೀಶಕ್ತಿ ಸಂಘಗಳು ಆರಂಭವಾಗಿದ್ದವು. ವಾರಕ್ಕೊಮ್ಮೆ ಹೆಂಗಸರು ಗುಡಿಯ ಮುಂದೆ ಸುತ್ತ ಕೂತು ಹತ್ತೋ ಇಪ್ಪತ್ತೋ ಉಳಿತಾಯ ಕಟ್ಟಿ, ಯಾರು ಎಷ್ಟು ಸಾಲ ತೆಗೆದರು, ಯಾರ ಬಡ್ಡಿ ಬಾಕಿ ಎಂದು ಎಲ್ಲರೆದುರಿಗೆ ಓದಿ ಹೇಳುವ ಪದ್ಧತಿ. ಹಿಂದಿನ ಸಭೆಯ ಠರಾವು ಓದದೆ ಹೊಸ ಸಭೆ ಶುರುಮಾಡಬಾರದು ಎಂಬುದನ್ನು ನಮ್ಮ ತಾಯಂದಿರು ಕಲಿತದ್ದು ಅಲ್ಲಿ, ಯಾವ ಸರಕಾರಿ ತರಬೇತಿಯಲ್ಲೂ ಅಲ್ಲ. ಅದೇ ಹೆಂಗಸರು ಶಾಲೆಯ ಸಮಿತಿಗೆ ಬಂದರು.

2004ರ ಸುಮಾರಿಗೆ ನಾನಿದ್ದ ಒಂದು ಹಳ್ಳಿಯ ಶಾಲೆಯಲ್ಲಿ ನಡೆದದ್ದನ್ನು ಹೇಳುತ್ತೇನೆ. ಐದು ಇಯತ್ತೆಗಳಿಗೆ ನಾವಿಬ್ಬರೇ ಶಿಕ್ಷಕರು. ಮೂರನೆಯವರ ಜಾಗ ಎರಡು ವರ್ಷದಿಂದ ಖಾಲಿ. ಇದ್ದ ಇಬ್ಬರಲ್ಲಿ ಒಬ್ಬರು ಮತದಾರರ ಯಾದಿ, ಆ ಗಣತಿ, ಈ ಗಣತಿ ಎಂದು ಹೊರಗೇ ಹೆಚ್ಚು. ಒಂದು ಸಭೆಯಲ್ಲಿ ಬಿಲ್ಲುಗಳನ್ನೆಲ್ಲ ಓದಿ ಮುಗಿಸಿದ ಮೇಲೆ ಒಬ್ಬ ತಾಯಿ ಕೂತಲ್ಲಿಂದಲೇ ಕೇಳಿದಳು, 'ಅಕ್ಕಾರ, ಬಣ್ಣಕ್ಕ ಎಷ್ಟ ಹೋತು, ಖಡುಗೆ ಎಷ್ಟ ಹೋತು, ಎಲ್ಲಾ ಹೇಳಿದ್ರಿ. ನನ್ನ ಮಗಳು ಐದನೇ ಇಯತ್ತೆ ಅದಾಳ. ಮೊನ್ನಿ ಬಸ್ ಸ್ಟ್ಯಾಂಡಿನ್ಯಾಗ ಬೋರ್ಡ ಓದವ್ವಾ ಅಂದ್ರ ಓದಾಕ ಬರಲಿಲ್ಲ. ಇದರ ಲೆಕ್ಕ ಯಾರನ್ನ ಕೇಳಬೇಕ್ರಿ?'

ಬಣ್ಣದ ಖರ್ಚಿಗೆ ಪಾವತಿ ಇತ್ತು. ಈ ಪ್ರಶ್ನೆಗೆ ಇರಲಿಲ್ಲ. ನಾನು ಹಾಜರಿ ಪಟ ತಂದು ಅವರ ಮುಂದೆ ಇಟ್ಟೆ. ಆ ವರ್ಷ ಎಷ್ಟು ದಿನ ಒಬ್ಬರೇ ಐದೂ ಇಯತ್ತೆ ನೋಡಿಕೊಂಡೆವು ಎಂದು ದಿನ ಎಣಿಸಿ ತೋರಿಸಿದೆ. ಹೆಂಗಸರು ತಮ್ಮೊಳಗೇ ಮಾತಾಡಿಕೊಂಡರು. ಮುಂದಿನ ಸೋಮವಾರ ಹದಿನಾಲ್ಕು ಮಂದಿ ಕೂಲಿ ಬಿಟ್ಟು, ಬುತ್ತಿ ಕಟ್ಟಿಕೊಂಡು, ಬಸ್ಸು ಹತ್ತಿ ತಾಲೂಕಿನ ಊರಿಗೆ ಹೋದರು. ಠರಾವು ಪುಸ್ತಕವನ್ನೂ ಒಯ್ದಿದ್ದರು. ಮೊದಲ ಸಲ ಸಾಹೇಬರು ಸಿಗಲಿಲ್ಲ. ಎರಡನೆಯ ಸಲ ಅರ್ಜಿ ಕೊಟ್ಟು ಹೋಗಿ ಎಂದರು. ಮೂರನೆಯ ಸಲ ಹೋದವರು ಸಂಜೆಯವರೆಗೆ ಮೆಟ್ಟಿಲ ಮೇಲೆ ಕೂತರು. ದೀಪಾವಳಿ ಸೂಟಿ ಮುಗಿದು ಶಾಲೆ ತೆರೆದ ವಾರದಲ್ಲಿ ಮೂರನೆಯ ಶಿಕ್ಷಕರು ಬಂದರು.

ನಾವು ಶಿಕ್ಷಕರು ನಾಲ್ಕು ಅರ್ಜಿ ಬರೆದಿದ್ದೆವು, ನಾಲ್ಕೂ ಯಾವುದೋ ಫೈಲಿನಲ್ಲಿ ಮಲಗಿದ್ದವು. ನಮ್ಮ ಮೇಲೆ ಕಣ್ಣಿಡಲು ಬಂದ ಸಮಿತಿ ಎಂದು ಅಂಜಿದವರು ಬಹಳ. ಆದರೆ ಕೇಳುವವರು ಶಾಲೆಯ ಬಾಗಿಲಲ್ಲೇ ನಿಲ್ಲುವುದಿಲ್ಲ. ಶಿಕ್ಷಕರನ್ನು ಕೇಳಿದವರು ಶಿಕ್ಷಕರ ಮೇಲಿನವರನ್ನೂ ಕೇಳುತ್ತಾರೆ. ನಮ್ಮ ಸಂಘದ ಎಷ್ಟೋ ಮುಂದಾಳುಗಳಿಗೆ ನಾನು ಇದನ್ನು ಹೇಳಿ ಬಾಯಿ ನೋಯಿಸಿಕೊಂಡಿದ್ದೇನೆ.

ಬಿಸಿಯೂಟದ ಕಥೆ ಸ್ವಲ್ಪ ಬೇರೆ. ಬೇಯಿಸಿದ ಊಟ ಕೊಡಬೇಕೆಂದು ಸರ್ವೋಚ್ಚ ನ್ಯಾಯಾಲಯ 2001ರ ನವೆಂಬರಿನಲ್ಲಿ ಹೇಳಿತು. 2002ರಲ್ಲಿ ಅಕ್ಷರ ದಾಸೋಹ ರಾಜ್ಯದ ಏಳು ಜಿಲ್ಲೆಗಳಲ್ಲಿ ಶುರುವಾಗಿ ಬಳಿಕ ನಮ್ಮಲ್ಲಿಗೂ ಬಂತು. ಇದರ ಬಗ್ಗೆ ಕೇಳಲು ತಾಯಂದಿರಿಗೆ ಯಾವ ಸಂಕೋಚವೂ ಇರಲಿಲ್ಲ. ಬೇಳೆ ನೀರಾಗಿದೆ, ಅಕ್ಕಿಯಲ್ಲಿ ಹುಳ, ಸೊಪ್ಪು ತೊಳೆದಿಲ್ಲ ಎಂದು ಅಡಿಗೆಮನೆಗೇ ಬಂದು ಹೇಳುತ್ತಿದ್ದರು. ಸಾರು ಯಾರಿಗೂ ಗೊತ್ತು, ಪಾಠ ಎಲ್ಲರಿಗೂ ಗೊತ್ತಿಲ್ಲ. ಅಕ್ಷರ ಬಾರದ ತಾಯಿ ಮಗುವಿನ ಪಾಟಿ ನೋಡಿ ಏನನ್ನು ಅಳೆಯಬೇಕು? ಅದಕ್ಕೇ ಬಸ್ಸಿನ ಬೋರ್ಡಿನ ಆ ಪ್ರಶ್ನೆಗೆ ನಾನು ಇಷ್ಟು ಬೆಲೆ ಕೊಡುತ್ತೇನೆ. ಅವಳು ತನಗೆ ತಿಳಿಯುವ ಅಳತೆಗೋಲನ್ನು ತಾನೇ ಹುಡುಕಿಕೊಂಡಿದ್ದಳು.

ಇಂಥ ಪ್ರಯೋಗ ನಮ್ಮಲ್ಲಿ ಮಾತ್ರ ನಡೆದದ್ದೆಂದು ಬೀಗಬೇಕಿಲ್ಲ. ಅಮೆರಿಕದ ಶಿಕಾಗೋ ನಗರದಲ್ಲಿ 1988ರ ಕಾಯ್ದೆಯಿಂದ ಪ್ರತಿ ಸರಕಾರಿ ಶಾಲೆಗೂ ಚುನಾಯಿತ ಮಂಡಳಿ ಬಂತು. ಪ್ರಾಥಮಿಕ ಶಾಲೆಯ ಹನ್ನೊಂದು ಸದಸ್ಯರಲ್ಲಿ ಆರು ಮಂದಿ ಪಾಲಕರು. ಮುಖ್ಯೋಪಾಧ್ಯಾಯರು ಯಾರಾಗಬೇಕೆಂದು ಆರಿಸುವ ಅಧಿಕಾರವೂ ಆ ಮಂಡಳಿಗಿತ್ತು. ಅಷ್ಟು ದೂರ ನಾವು ಹೋಗಲಿಲ್ಲ. ನಮ್ಮಲ್ಲಿ ವರ್ಗಾವಣೆಯ ದಾರವನ್ನು ಪಾಲಕರ ಕೈಗೆ ಕೊಡುವ ಮಾತೆತ್ತಿದರೆ ಎಷ್ಟು ಮಂದಿ ಮುನಿಯುತ್ತಾರೆ ಎಂಬುದು ಓದುಗರಿಗೆ ತಿಳಿಯದ್ದೇನಲ್ಲ.

ಬರಿಯ ಆದೇಶದ ಮೇಲೆ ನಿಂತಿದ್ದ ಸಮಿತಿಗೆ 2006ರಲ್ಲಿ ಮಾದರಿ ಉಪವಿಧಿಗಳ ಆಸರೆ ಸಿಕ್ಕಿತು. 2010ರ ಏಪ್ರಿಲ್ 1ರಿಂದ ಶಿಕ್ಷಣ ಹಕ್ಕು ಕಾಯ್ದೆ ದೇಶಕ್ಕೆಲ್ಲ ಜಾರಿಯಾಯಿತು. ಅದರ 21ನೇ ಕಲಮಿನ ಪ್ರಕಾರ ಶಾಲಾ ನಿರ್ವಹಣಾ ಸಮಿತಿಯಲ್ಲಿ ಮುಕ್ಕಾಲು ಪಾಲು ಪಾಲಕರು, ಅರ್ಧದಷ್ಟು ಹೆಂಗಸರು ಇರಲೇಬೇಕು. ಕರ್ನಾಟಕ ಹಳೆಯ ಹೆಸರನ್ನೇ ಉಳಿಸಿಕೊಂಡಿತು, 'ಮೇಲುಸ್ತುವಾರಿ' ಹೋಗಲಿಲ್ಲ. ಸಮಿತಿಗಳನ್ನೆಲ್ಲ ಕೂಡಿಸಿ ಒಂದು ಸಮನ್ವಯ ವೇದಿಕೆಯೂ ರಾಜ್ಯದಲ್ಲಿ ಬೆಳೆಯಿತು. ಶಿಕ್ಷಣ ತಜ್ಞ ನಿರಂಜನಾರಾಧ್ಯ ವಿ. ಪಿ. ಅವರು ಅದರ ಬೆನ್ನಿಗೆ ನಿಂತವರು. 22ನೇ ಕಲಮಿನಂತೆ ಶಾಲೆಯ ಅಭಿವೃದ್ಧಿ ಯೋಜನೆಯನ್ನು ಸಮಿತಿಯೇ ತಯಾರಿಸಬೇಕು. ಬಹಳ ಕಡೆ ಅದನ್ನು ಹೆಡ್ ಮಾಸ್ತರರು ಹೋದ ವರ್ಷದ್ದನ್ನು ನೋಡಿ ನಕಲು ಮಾಡುತ್ತಾರೆ. ಯೋಜನೆ ತಯಾರಾಗುತ್ತದೆ, ಗೋಡೆ ಸೋರುತ್ತದೆ.

ಮೂಡಲಗಿಯ ಮಾತನ್ನೂ ಹೇಳಬೇಕು. ಅದು ತಾಲೂಕಾದದ್ದು 2018ರಲ್ಲಿ. ಆದರೆ ಶಿಕ್ಷಣ ಇಲಾಖೆಯ ಮಟ್ಟಿಗೆ ಅದಕ್ಕೂ ಮುಂಚೆಯೇ ಮೂಡಲಗಿ ಬೇರೆ ವಲಯವಾಗಿತ್ತು. ಕಚೇರಿ ಹತ್ತಿರವಾದರೆ ಏನು ಲಾಭ ಎನ್ನುವವರಿಗೆ ನನ್ನ ಉತ್ತರ ಇದು: ಗೋಕಾಕದವರೆಗೆ ಹೋಗಿ ಬರಲು ಒಂದು ದಿನದ ಕೂಲಿ ಬೇಕು, ಮೂಡಲಗಿಗಾದರೆ ಮಧ್ಯಾಹ್ನದೊಳಗೆ ತಿರುಗಿ ಬರಬಹುದು. ಕೇಳುವ ಹಕ್ಕಿಗೆ ಬಸ್ ಚಾರ್ಜಿನ ಲೆಕ್ಕವೂ ಇದೆ.

2019ರ ಆಗಸ್ಟಿನ ಮಹಾಪೂರದಲ್ಲಿ ಘಟಪ್ರಭೆ, ಮಾರ್ಕಂಡೇಯ, ಹಿರಣ್ಯಕೇಶಿ ತುಂಬಿ ಬಂದು ಗೋಕಾಕದ ಪೇಟೆಗೇ ನೀರು ನುಗ್ಗಿದಾಗ ಪಾಲಕರ ಹಳೆಯ ಗುಣ ಮತ್ತೆ ಕಾಣಿಸಿತು. ತಮ್ಮ ಮನೆಯ ರಾಡಿ ಇನ್ನೂ ತೆಗೆಯದವರು ಶಾಲೆಯ ರಾಡಿ ತೆಗೆಯಲು ಬಂದರು. ಬೆಂಚು ತೊಳೆದರು, ನೆನೆದ ಹಾಜರಿ ಪುಸ್ತಕಗಳನ್ನು ಬಿಸಿಲಿಗೆ ಹರವಿದರು. ಬಿದ್ದ ಕೋಣೆಗೆ ಪರಿಹಾರ ಎಷ್ಟು ಬಂತು, ಯಾವಾಗ ಕಟ್ಟುತ್ತೀರಿ ಎಂದೂ ಅವರೇ ಬೆನ್ನು ಹತ್ತಿ ಕೇಳಿದರು. ಕೈಗೆ ರಾಡಿ ಹತ್ತಿಸಿಕೊಂಡವರ ಪ್ರಶ್ನೆಗೆ ಇಂಜಿನಿಯರರೂ ಸ್ವಲ್ಪ ಮೆತ್ತಗೆ ಉತ್ತರ ಕೊಡುತ್ತಾರೆ.

ಸರಕಾರಕ್ಕೆ ಮಾತ್ರ ಕೊಡುವ ಪಾಲಕರು ಬೇಗ ನೆನಪಾಗುತ್ತಾರೆ. 2022ರ ಅಕ್ಟೋಬರಿನಲ್ಲಿ ಇಲಾಖೆಯ ಒಂದು ಸುತ್ತೋಲೆ ಬಂತು. ಸಮಿತಿಗಳು ಪಾಲಕರಿಂದ ತಿಂಗಳಿಗೆ ನೂರು ರೂಪಾಯಿ ದೇಣಿಗೆ ಪಡೆಯಬಹುದು, ಅದು ಸ್ವ ಇಚ್ಛೆಯದು ಎಂದು. ರಾಜ್ಯದ ತುಂಬ ಗದ್ದಲವೆದ್ದು ಕೆಲವೇ ದಿನಗಳಲ್ಲಿ ಅದನ್ನು ಹಿಂದೆ ತೆಗೆದುಕೊಂಡರು. ಹಳ್ಳಿಯಲ್ಲಿ ಸ್ವ ಇಚ್ಛೆ ಎಂದರೆ ಏನು ಎಂಬುದು ಕಚೇರಿಯಲ್ಲಿ ಕುಳಿತವರಿಗೆ ತಿಳಿದಿರಲಿಕ್ಕಿಲ್ಲ. ಕೊಡದವರ ಮಗುವಿನ ಹೆಸರು ಮಕ್ಕಳ ಬಾಯಲ್ಲೇ ಊರೆಲ್ಲ ತಿರುಗುತ್ತದೆ. ನಮ್ಮ ಸಮಿತಿಯಲ್ಲಿ ಆಗ ಒಬ್ಬ ಅಜ್ಜಿ ಇದ್ದರು, ತಾಯಿಯಿಲ್ಲದ ಮೊಮ್ಮಗನ ಪಾಲಕರಾಗಿ. ಸುತ್ತೋಲೆ ಓದಿ ಹೇಳಿದಾಗ ಅವರು ಅಂದದ್ದು ಇಷ್ಟು: 'ಕೊಡೂನಂತ. ಹ್ವಾದ ವರ್ಷ ಖಾಲಿ ಉಳದ ಮಾಸ್ತರ ಪಗಾರಾ ಎಲ್ಲಿ ಉಳೀತು, ಅದನ್ನ ಮೊದಲ ಹೇಳ್ರಿ.'

ಈಚೆಗೆ ನನ್ನನ್ನು ಕಾಡುವ ಸಂಗತಿ ಬೇರೆ. ಮೇಲೆ ಹೇಳಿದ 21ನೇ ಕಲಮು ಸರಕಾರದ ಅನುದಾನವಿಲ್ಲದ ಖಾಸಗಿ ಶಾಲೆಗಳಿಗೆ ಅನ್ವಯಿಸುವುದಿಲ್ಲ. ಪಾಲಕರು ಹೆಚ್ಚು ಹೆಚ್ಚಾಗಿ ಮಕ್ಕಳನ್ನು ಒಯ್ದು ಸೇರಿಸುತ್ತಿರುವುದು ಅಲ್ಲಿಗೇ. ನಮ್ಮ ಶಾಲೆಯ ಸಮಿತಿಗೆ ಮೂರು ವರ್ಷ ಅಧ್ಯಕ್ಷಳಾಗಿದ್ದ ಒಬ್ಬ ಹೆಣ್ಣುಮಗಳು, ಕಬ್ಬಿನ ಗ್ಯಾಂಗಿನಲ್ಲಿ ದುಡಿಯುವವಳು, ಚೆಕ್ಕಿಗೆ ಸಹಿ ಹಾಕುವ ಮುಂಚೆ ಪ್ರತಿ ಪಾವತಿಯನ್ನೂ ಮಗಳಿಂದ ಓದಿಸಿ ಕೇಳುತ್ತಿದ್ದಳು. ಆ ಮಗಳು ನಮ್ಮಲ್ಲಿ ಏಳನೆಯದು ಮುಗಿಸಿದಳು. ಕಿರಿಯ ಮಗನನ್ನು ಗಂಡನ ಹಟಕ್ಕೆ ಇಂಗ್ಲಿಷ್ ಮಾಧ್ಯಮದ ಒಂದು ಶಾಲೆಗೆ ಹಾಕಿದರು. ಸಮಿತಿಯ ಸದಸ್ಯತ್ವ ಅಲ್ಲಿಗೆ ಮುಗಿಯಿತು. ಸಂತೆಯಲ್ಲಿ ಸಿಕ್ಕಾಗ, ಹೊಸ ಶಾಲೆ ಹೇಗಿದೆ ಎಂದು ಕೇಳಿದೆ.

'ಫೀ ತುಂಬಾಕ ಹೋಗಿದ್ನಿ ಅಕ್ಕಾರ' ಎಂದಳು. 'ಲೆಕ್ಕದ ಸಭಾ ಯಾವಾಗ ಐತ್ರಿ ಅಂತ ಅಲ್ಲಿ ಕೂತಾವ್ನ ಕೇಳಿದ್ನಿ. ಯಾತರ ಲೆಕ್ಕಾ ಅಂದ. ಪಾವತಿ ಹರದು ಕೈಯಾಗ ಕೊಟ್ಟ.'